ತಲೆಗೆ ಅರವತ್ತೆಂಟು

ಫೋರ್ಟಿನ ಕಾವಸ್ ಚೇಂಬರ್ಸಿನ ಲಿಫ್ಟಿನೊಳಗೆ
ಒಂದು ಹಿತ್ತಾಳೆ ತಗಡು:
ಎಂಟು ಜನ, ಐನೂರ ನಲವತ್ತನಾಲ್ಕು ಕಿಲೋ.
ಸ್ಟೂಲಿನ ಮೇಲೆ ಕೂತು ಒಂದು ದಿನ ಭಾಗಿಸಿದೆ,
ತಲೆಗೆ ಅರವತ್ತೆಂಟು.
ನಾನಿದ್ದದ್ದು ನಲವತ್ತೊಂಬತ್ತು.
ಉಳಿದ ಹತ್ತೊಂಬತ್ತು ಕಿಲೋ
ಯಾರ ಲೆಕ್ಕಕ್ಕೆ ಬರೆದಿದ್ದರೋ.

ರಾತ್ರಿಶಾಲೆಯ ಬಂಗೇರ ಮಾಸ್ತರರು ತಿದ್ದಿದರು:
ತಗಡು ಹೇಳುವುದು ದ್ರವ್ಯರಾಶಿ,
ಹಗ್ಗ ತಾಳಿಕೊಳ್ಳುವುದು ಬಲ.
ಕಿಲೋವನ್ನು ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸು,
ನ್ಯೂಟನ್ ಬರುತ್ತದೆ, ಅದು ತೂಕ.
ರಾಶಿ ಅಂದರೆ ನನಗೆ ಗೊತ್ತಿದ್ದದ್ದು
ಮದುವೆ ಮಾತಿನ ಹೊತ್ತಿಗೆ ಕೇಳುವ ಕನ್ಯೆ, ತುಲೆ.
ಗುರು ಅಂದರೆ ಎರಡು ಮಾತ್ರೆ, ಲಘುವಿಗೆ ಒಂದು.
ಅವರು ಕರಿಹಲಗೆಯಲ್ಲಿ ಗುರುತ್ವ ಎಂದು ಬರೆದು ತಿರುಗುವಷ್ಟರಲ್ಲಿ
ಹಿಂದಿನ ಬೆಂಚಿನ ಹೋಟೆಲು ಹುಡುಗರ ತಲೆ
ಒಂದೊಂದೇ ಎದೆಯ ಮೇಲೆ ಬೀಳುತ್ತಿದ್ದವು.
ತೂಕಡಿಕೆಯೊಳಗೆ ತೂಕ ಏಕೆ ಕೂತಿದೆ ಅಂತ
ಆವತ್ತು ತಿಳಿಯಿತು.

ಶನಿವಾರ ಮಧ್ಯಾಹ್ನ ಆಫೀಸುಗಳು ಖಾಲಿ.
ರದ್ದಿ ಅಂಗಡಿಯ ವಾಘಜಿಭಾಯಿಯಿಂದ
ಸ್ಪ್ರಿಂಗ್ ತಕ್ಕಡಿ ಕೇಳಿ ತಂದೆ,
ಐದು ಕಿಲೋದ ಕಬ್ಬಿಣದ ಕಲ್ಲನ್ನು ಕೊಕ್ಕೆಗೆ ತೂಗುಹಾಕಿ
ಜಾಲರಿ ಬಾಗಿಲು ಎಳೆದು ಹಿಡಿಕೆ ತಿರುಗಿಸಿದೆ.
ಲಿಫ್ಟು ಜಗ್ಗಿ ಮೇಲೆದ್ದ ಗಳಿಗೆ
ಮುಳ್ಳು ಐದು ದಾಟಿತು, ಕಾಲು ಕಿಲೋ ಹೆಚ್ಚು.
ಎರಡನೇ ಮಾಳಿಗೆಯಿಂದ ಐದನೆಯದರ ತನಕ ಒಂದೇ ಓಟ,
ಮುಳ್ಳು ಐದಕ್ಕೇ ನಿಂತಿತ್ತು,
ಏರುತ್ತಿರುವುದು ಅದಕ್ಕೆ ಗೊತ್ತಿದ್ದಂತಿರಲಿಲ್ಲ.
ನಿಲ್ಲುವಾಗ ನಾಲ್ಕೂ ಮುಕ್ಕಾಲು.
ಕಲ್ಲಿನಿಂದ ಒಂದು ಚೂರೂ ಉದುರಿರಲಿಲ್ಲ.
ನಿಜವಾಗಿಯೂ ಬಗ್ಗಿ ನೋಡಿದೆ.

ಆಮೇಲೆ ಎರಡು ತಟ್ಟೆಯ ತಕ್ಕಡಿ.
ಈ ಕಡೆ ಕಲ್ಲು, ಆ ಕಡೆ ಹಳೆಯ ಗುಜರಾತಿ ಪೇಪರು.
ಏರಿದರೂ ಇಳಿದರೂ ನಡುಮುಳ್ಳು ನೆಟ್ಟಗೆ.
ಎರಡೂ ತಟ್ಟೆ ಸಮನಾಗಿ ಮೋಸ ಹೋದರೆ
ಮೋಸ ಯಾರಿಗೂ ಕಾಣುವುದಿಲ್ಲ.
ವಾಘಜಿಭಾಯಿ ನಕ್ಕ: ನನ್ನ ಗಿರಾಕಿಗಳಿಗೆ ಹೇಳಬೇಡ.

ಆರನೇ ಮಾಳಿಗೆಯ ಟೈಪಿಸ್ಟ್ ಫ್ರೇನಿಬಾಯಿಗೆ ಮಂಡಿನೋವು.
ಸಂಜೆ ಇಳಿಯುವಾಗ ಕಣ್ಣು ಮುಚ್ಚಿಕೊಳ್ಳುವಳು,
ಹೊರಡುವ ಆ ಒಂದು ಕ್ಷಣ ಮಂಡಿ ಸುಮ್ಮನಾಗುತ್ತದಂತೆ.
ಇನ್ನೊಮ್ಮೆ ಮಾಡು ಎಂದಳು.
ಮತ್ತೆ ಇಳಿಯಲು ಮತ್ತೆ ಏರಬೇಕಲ್ಲ ಬಾಯಿ,
ಉಳಿಸಿದ್ದನ್ನೆಲ್ಲ ಅಲ್ಲಿ ವಾಪಸು ಕೊಡಬೇಕು.
ಕೊಟ್ಟರಾಯಿತು ಎಂದಳು.
ಮೂರು ಸಲ ಹೋಗಿಬಂದೆವು. ಯಾರೂ ಬೆಲ್ಲು ಒತ್ತಲಿಲ್ಲ.

ರಾಶಿಯ ಪರಿಚಯವಾದದ್ದು ದೀವಾಳಿಯ ಹಿಂದಿನ ವಾರ.
ಸೇಠನ ತಿಜೋರಿ, ಚಕ್ರದ ಹಲಗೆಯ ಮೇಲೆ.
ತೂಕವನ್ನೆಲ್ಲ ನೆಲವೇ ಹೊತ್ತಿತ್ತು,
ನಾವು ಎತ್ತುವುದೇನಿರಲಿಲ್ಲ, ಬರೀ ತಳ್ಳುವುದು.
ನಾಲ್ವರು ಹಮಾಲರು ಹೆಗಲು ಕೊಟ್ಟರೂ ಹೊರಡಲೊಲ್ಲದು,
ಹೊರಟ ಮೇಲೆ ನಿಲ್ಲಲೊಲ್ಲದು.
ಗೋಡೆ ಹತ್ತಿರವಾಯಿತೆಂದು ಧೋಂಡಿಬಾ ಅಡ್ಡ ಕೈ ಇಟ್ಟ.
ಎರಡು ಬೆರಳು.
ಚಂದ್ರನ ಮೇಲಾದರೂ ಹೀಗೇ ಆಗುತ್ತಿತ್ತು ಅಂದರು ಮಾಸ್ತರರು,
ಅಲ್ಲಿ ತೂಕ ಆರರಲ್ಲೊಂದು, ಹಟ ಮಾತ್ರ ಪೂರ್ತಿ.
ಆಮೇಲೆ ಬಹಳ ಹೊತ್ತು
ಕೈಯ ಸುಣ್ಣದಪುಡಿ ಒರೆಸಿಕೊಳ್ಳುತ್ತಿದ್ದರು.

ಪರೀಕ್ಷೆಯಲ್ಲಿ ಅದೇ ಬಂತು: ವ್ಯತ್ಯಾಸ ತಿಳಿಸಿರಿ, ನಾಲ್ಕು ಅಂಕ.
ಲಿಫ್ಟು ಬರೆದೆ, ಮಂಡಿ ಬರೆದೆ, ಬೆರಳು ಬರೆದೆ.
ಎರಡು ಅಂಕ. ಏಕಮಾನ ಎಲ್ಲಿ? ಎಂದು ಕೆಂಪು ಶಾಯಿ.

ಈಗ ಅಲ್ಲಿ ತಾನೇ ಮಾತಾಡುವ ಲಿಫ್ಟು, ಸ್ಟೂಲಿಲ್ಲ.
ಹಿತ್ತಾಳೆ ತಗಡು ರದ್ದಿಗೆ ಬಂದಾಗ
ವಾಘಜಿಭಾಯಿಯ ಮಗ ತೂಕಕ್ಕೇ ಕೊಟ್ಟ, ಮುನ್ನೂರು ಗ್ರಾಂ.
ಮೊನ್ನೆ ಡೊಂಬಿವಿಲಿಯ ಡಾಕ್ಟರು
ನನ್ನನ್ನು ಕಾಂಟಾದ ಮೇಲೆ ನಿಲ್ಲಿಸಿ
ಅರವತ್ತೊಂದು ಅಂದರು, ಇಳಿಸಿ ಅಂದರು.

ತಗಡಿನ ಪ್ರಕಾರ
ಇನ್ನೂ ಏಳು ಬಾಕಿ ಇದೆ.