ಹಿಂದಿನ ಸೊಲ್ಲು

ಕ್ಯಾಸೆಟ್ಟಿನ ಎ ಬದಿಯಲ್ಲಿ ಕೆರಿಯಮ್ಮ.
ಬಿ ಬದಿಯಲ್ಲೂ ಕೆರಿಯಮ್ಮನೇ ಇದ್ದಳಂತೆ,
ಯಾರೋ ಅವಳ ಮೇಲೆ ಅರ್ಧ ತಾಸು ಯಕ್ಷಗಾನ ತುಂಬಿದ್ದಾರೆ.

ಉಳವಿ ಕಡೆಯ ಒಂದು ಮದುವೆ. ಎಂಬತ್ತೆರಡೋ, ಎಂಬತ್ತಮೂರೋ.
ಮೈಕು ಹಿಡಿದವನು ಮುಂದಿನವಳ ಬಾಯಿಗಷ್ಟೇ ಹಿಡಿದ.
ಹಿಂದೆ ಸೊಲ್ಲು ಹಿಡಿದ ಹೆಂಗಸರು
ಗೋಡೆಯಾಚೆ ಪಾತ್ರೆ ತೊಳೆದ ಹಾಗೆ ಕೇಳುತ್ತಾರೆ.

ಅದನ್ನು ಹಾಗ್ಹಾಗೇ ತಿರುಗಿ ಹಾಡಬೇಕೆಂದು ಹೊರಟವರು ಮೂವರು:
ಅಂಗನವಾಡಿಯ ನೇತ್ರಾವತಿ,
ಸೊಸೈಟಿಯಲ್ಲಿ ಅಕ್ಕಿ ತೂಗುವ ಕುಸುಮ,
ಸಾಗರ ಡಿಪೋದ ಕಂಡಕ್ಟರು ನಾನು.
ಮೂವರೂ ಹೈಸ್ಕೂಲಿನಲ್ಲಿ ಭಾವಗೀತೆಗೆ ಸ್ಟೀಲಿನ ಲೋಟ ಗೆದ್ದವರು.
ತೊಂದರೆ ಅದೇ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಗಂಟಲಿಗೆ ಯಾವಾಗಲೋ ಸಕ್ಕರೆ ಪಾಕ ಹಿಡಿದಿದೆ.
ಸ್ವರ ಎತ್ತಿದರೆ ಅದು ತಲೆ ಬಾಚಿಕೊಂಡು, ಪೌಡರು ಹಾಕಿಕೊಂಡು ಬರುತ್ತದೆ.
ಕೆರಿಯಮ್ಮನದು
ಗದ್ದೆಯ ಈ ಅಂಚಿನಿಂದ ಆ ಅಂಚಿನ ಎಮ್ಮೆಯನ್ನು
ಕರೆದು ಕರೆದು ಹರಿದ ಸ್ವರ.
ಮೇಲೆ ಹತ್ತುವಾಗ ಒಂದು ಕಡೆ ಒಡೆಯುತ್ತದೆ.
ಒಡೆದಲ್ಲೇ ನಿಂತು, ಯಾರ ಹಂಗೂ ಇಲ್ಲದೆ,
ಒಂದು ಗುಟುಕು ಉಸಿರು ಕುಡಿಯುತ್ತದೆ.

ಆ ಒಡಕನ್ನು ಮೂರು ತಿಂಗಳು ಅಭ್ಯಾಸ ಮಾಡಿದೆವು.
ಕುಸುಮಳ ಗಂಡ, ಪಾಪ, ಶೀತವೆಂದುಕೊಂಡು ಕಷಾಯ ಕುದಿಸಿ ಕೊಟ್ಟ.

ಕೊನೆಗೆ ಗುತ್ಯಮ್ಮನನ್ನು ಹುಡುಕಿಕೊಂಡು ಹೋದೆವು.
ಆ ಗುಂಪಿನಲ್ಲಿ ಉಳಿದವಳು ಅವಳೊಬ್ಬಳೇ.
ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು, ಕತ್ತಿಯಿಂದ ಕಣ್ಣೆತ್ತಲಿಲ್ಲ.
"ನಂಗೆ ಹಾಡು ಬರಾದಿಲ್ಲ ಕಣೆ. ನಂದು ಹಿಂದಿನ ಸೊಲ್ಲು."

ನಲವತ್ತು ವರ್ಷ ಅವಳು ಹಾಡಿದ್ದು ಬರೀ ಉತ್ತರ.
ಹಸೆಗೆ ಕರೆಯುವ ಹಾಡಿನ ಬಾಲ ಗೊತ್ತು,
ಬಾಸಿಂಗ ಕಟ್ಟುವ ಹಾಡಿನ ಬಾಲ ಗೊತ್ತು,
"ಕೇಳ್ಯಾಳೆ ಬಾಗಿಲ ಮರೆಯಲ್ಲಿ" ಎಂದು ಮುಗಿಯುವುದು ಗೊತ್ತು.
ಯಾರು ಕೇಳಿದಳು, ಏನು ಕೇಳಿದಳು,
ಅದೆಲ್ಲ ಕೆರಿಯಮ್ಮನ ಬಾಯಲ್ಲಿತ್ತು.
ಅವಳು ಹೋಗುವಾಗ ಹಾಡುಗಳ ತಲೆಯನ್ನಷ್ಟೇ ಕಟ್ಟಿಕೊಂಡು ಹೋದಳು.

ಟೇಪ್ ರೆಕಾರ್ಡರು ಹಚ್ಚಿದೆವು.
ಗುತ್ಯಮ್ಮ ಒಂದು ಮೀನು ಮುಗಿಯುವಷ್ಟು ಹೊತ್ತು ಕೇಳಿದಳು.
"ಇದು ಯಾರು?"
ಕೆರಿಯಮ್ಮ, ಅಂದೆವು.
"ಅಲ್ಲ. ಕೆರಿಗೆ ಇಷ್ಟು ಪುರುಸೊತ್ತು ಎಲ್ಲಿತ್ತು ಮಾರಾಯ್ತಿ?"

ಬೆಲ್ಟು ಸಡಿಲವಾಗಿತ್ತು.
ಮೂರು ತಿಂಗಳು ನಾವು ಕಲಿತದ್ದು
ಒಂದು ಹಳೇ ರಬ್ಬರಿನ ಆಯಾಸವನ್ನು.
ನೇತ್ರಾವತಿ ನಕ್ಕಳು. ಮತ್ತೆ ಅತ್ತಳು. ಮನೆಗೆ ಹೋದೆವು.

ಆಮೇಲೆ ಒಂದು ಮಂಗಳವಾರ, ಸೊರಬದಿಂದ ಸಾಗರ, ನನ್ನ ಆರನೇ ಟ್ರಿಪ್ಪು.
ಉಳವಿಯಲ್ಲಿ ಗುತ್ಯಮ್ಮ ಹತ್ತಿದಳು, ಚೀಲದಲ್ಲಿ ಕೋಳಿ.
ಅವಳಿಗೆ ಸೊನ್ನೆ ಟಿಕೆಟ್ಟು ಹರಿದುಕೊಟ್ಟೆ,
ಕೋಳಿಯನ್ನು ಕಂಡೂ ಕಾಣದ ಹಾಗೆ ಇದ್ದೆ.
ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ.
ಕಾಲೇಜು ಹುಡುಗರು, ಗೊಬ್ಬರದ ಮೂಟೆ,
ಯಾರದೋ ಮೊಬೈಲಿನಲ್ಲಿ ಯಾರದೋ ಜಗಳ.
ಹಿಂದಿನ ಬಾಗಿಲಿಗೆ ಮುಟ್ಟಲೆಂದು ಎದೆಯಿಂದ ಕೂಗಿದೆ:
ಕೆಳದೀ, ಕೆಳದಿಯವರು ಇಳೀರೀ...

ಎರಡನೇ ಕೆಳದಿಯ ಮೇಲೆ ಗಂಟಲು ಒಡೆಯಿತು.
ಒಡೆದಲ್ಲಿ ನಿಂತು ಉಸಿರು ಎಳೆದುಕೊಂಡೆ.

ಆ ಉಸಿರಿನ ಸಂದಿಯಲ್ಲಿ,
ಕೊನೆಯ ಸೀಟಿನಿಂದ, ಬಿಕ್ಕಳಿಕೆ ಬಂದ ಹಾಗೆ,
ಕೇಳ್ಯಾಳೆ ಬಾಗಿಲ ಮರೆಯಲ್ಲಿ.

ಗುತ್ಯಮ್ಮ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿದ್ದಳು.
ಕೋಳಿಯೂ ಸುಮ್ಮನಾಗಿತ್ತು.
ಇಳಿಯುವವರು ಇಳಿದರು. ಡ್ರೈವರ್ ಗಿರಿಯಪ್ಪ
ಕನ್ನಡಿಯಲ್ಲಿ ನನ್ನ ಸೀಟಿಗೆ ಕಾಯುತ್ತಿದ್ದ.

ನಾನು ಸೀಟಿ ಊದಲಿಲ್ಲ.
ಕೆಳದೀ, ಎಂದು ಮತ್ತೊಮ್ಮೆ ಕೂಗಿದೆ.
ಅಲ್ಲಿ ಇಳಿಯುವವರು ಇನ್ನು ಯಾರೂ ಇರಲಿಲ್ಲ.