ಹೈಮಾದಲ್ಲಿ ನೂರಿಪ್ಪತ್ತು

ಹೈಮಾದ ಪೆಟ್ರೋಲ್ ಬಂಕಿನ ಪಕ್ಕ
ಸುಲೈಮಾನಿ ಚಹಾದ ಮೇಲೆ ಚರ್ಚೆ:
ನೂರಿಪ್ಪತ್ತು ಸಾಕೋ, ನೂರನಲವತ್ತು ಮಾಡಬೇಕೋ.

'ಗೆರೆ ಎಳೆದ ಹಾಗಿದೆ ರಸ್ತೆ, ತಿರುವೇ ಇಲ್ಲ.
ನಿಧಾನ ಹೋದರೆ ನಿದ್ದೆ,
ನಿದ್ದೆಯೇ ಕೊಲ್ಲುವುದು' ಅಂದ ಔಷಧ ಕಂಪನಿಯ ಲ್ಯಾನ್ಸಿ.
ಟ್ರೈಲರಿನ ಗುಲ್‌ಝರೀನ್ ಗಡ್ಡದಲ್ಲೇ ನಕ್ಕ:
'ಒಂಟೆಗೆ ಯಾರು ಓದಿ ಹೇಳುತ್ತಾರೆ ಬೋರ್ಡು?'
ಸರ್ವೇಯರ್ ದೂಮಣ್ಣ ಶೆಟ್ಟರು
ಟಿಶ್ಯೂ ಮೇಲೆ ಲೆಕ್ಕ ಹಾಕಿದರು:
ಸಲಾಲಕ್ಕೆ ಉಳಿಯುವುದು ಮೂವತ್ತೈದು ನಿಮಿಷ.
'ಅಷ್ಟಕ್ಕೆ ಜೀವ ಒತ್ತೆಯಾ? ನೂರಕ್ಕೇ ಇಳಿಸಬೇಕು!'
ಮೇಜು ಕುಟ್ಟಿದರು. ಲೋಟ ಕುಣಿಯಿತು.

'ನೀನು ಹೇಳು ಹಸೈನಾರ್,
ವೇಗ ಹೆಚ್ಚಿದರೆ ನಿನಗೇ ಲಾಭ ಮಾರಾಯ!'

ನನ್ನದು ರಿಕವರಿ ಗಾಡಿ.
ಎತ್ತಿದಷ್ಟು ಕಾಸು.
ಕಳೆದ ವಾರ ಎತ್ತಿದ ಬಿಳಿ ಕಾರಿನ
ಹಿಂದಿನ ಸೀಟಿನಲ್ಲಿ ಮೊಟ್ಟೆಯ ಟ್ರೇ,
ಮೂವತ್ತರಲ್ಲಿ ಒಡೆದದ್ದು ನಾಲ್ಕೇ.
ಉಳಿದವನ್ನು ಯಾರಿಗೆ ಕೊಡುವುದೆಂದು
ಪೊಲೀಸರಿಗೂ ತಿಳಿಯಲಿಲ್ಲ.
ಇದನ್ನು ಯಾವ ಪಕ್ಷಕ್ಕೆ ಸೇರಿಸಲಿ?
ಚಹಾಕ್ಕೆ ಸಕ್ಕರೆ ಕಡಿಮೆ, ಅಂದೆ.

ಎಂಬತ್ತು ದಾಟಿದರೆ ನಡುಗುವ ಗಾಡಿ ನನ್ನದು.
ಬಲಗಡೆಯ ಅಂಚು ಹಿಡಿದು ಹೊರಟೆ.
ಮೊದಲು ದಾಟಿದವನು ಲ್ಯಾನ್ಸಿ. ಸರಿ, ಅವನ ಮಾತಿನಂತೆಯೇ.
ಆಮೇಲೆ ಕನ್ನಡಿಯಲ್ಲಿ ಸಾಸಿವೆಯಷ್ಟು ಬೆಳಕು
ನೋಡನೋಡುತ್ತ ತಟ್ಟೆಯಷ್ಟಾಗಿ
ಭರ್ರೆಂದು ಹಾದುಹೋಯಿತು.
ಮುಂದೆ ರಾಡಾರ್ ಕಂಬ ಫಳ್ಳನೆ ಮಿಂಚಿತು.

ಆ ಮಿಂಚಿನಲ್ಲಿ ಕಂಡದ್ದು
ಕಿಟಕಿಯಾಚೆ ಚಾಚಿದ ದೂಮಣ್ಣ ಶೆಟ್ಟರ ಕೈ,
ನನಗೆ ಸಲಾಂ ಹೇಳುತ್ತ.