ಬೂಟು ತೊಳೆದುಕೊಂಡು ಬಾ

ಪಂಪಾಪತಿ,
ಚೀಟಿಯಲ್ಲಿ ಕೇಳಿದ್ದೀಯ: ಅಷ್ಟು ದೂರ ಯಾಕೆ ಬರಲಿ, ಅಲ್ಲೇನಿದೆ?
ನಕಾಶೆಯಲ್ಲಿ ನೋಡು, ಲಾರ್ಡ್ ಹೋವ್ ದ್ವೀಪ,
ಸಿಡ್ನಿಯ ಬಲಕ್ಕೆ, ಖಾಲಿ ನೀಲಿಯಲ್ಲಿ
ಅಚ್ಚುಮೊಳೆ ಜಾರಿ ಬಿದ್ದ ಅಲ್ಪವಿರಾಮ.
ಪುಟ್ಟ ವಿಮಾನ, ಎರಡು ಗಂಟೆ, ಹದಿನಾಲ್ಕು ಕಿಲೋ ಸಾಮಾನು.
ಚಟ್ನಿಪುಡಿಯೂ ಅದರಲ್ಲೇ ಸೇರಬೇಕು.
ಇಳಿದ ಮೇಲೆ ಡಬ್ಬಿ ತೆರೆದು ತೋರಿಸಬೇಕು, ನನಗೇ.
ಅದು ನನ್ನ ಕೆಲಸ.

ಮೊದಲನೆಯ ಕಾರಣ, ಇಲ್ಲಿ ಮೊಬೈಲು ಸತ್ತುಹೋಗುತ್ತದೆ.
ಮಾತು ಬೇಕಾದವರು ರಸ್ತೆಬದಿಯ ಗೂಡಿನಲ್ಲಿ
ಹಳೇ ಫೋನಿಗೆ ಕಿವಿಕೊಟ್ಟು
ಸಮುದ್ರದ ಕಡೆ ಬೆನ್ನು ಮಾಡಿ ನಿಲ್ಲುತ್ತಾರೆ.
ನೀನೀಗ ಮಾತಾಡುವುದಿಲ್ಲವಲ್ಲ, ಮರೆತೆ.
ಈ ಕಾರಣ ಬಿಡು.

ಗುಡ್ಡ ಅಗೆದು ಇಲಿ ಹಿಡಿದರಂತೆ ಎಂದು ನಗುತ್ತೇವಲ್ಲ,
ಇಲ್ಲಿಯವರು ನಿಜಕ್ಕೂ ಹಿಡಿದರು.
ನೂರು ವರ್ಷದ ಹಿಂದೆ ಹಡಗೊಂದು ದಡಕ್ಕೆ ಬಡಿದು
ಮನುಷ್ಯರ ಜೊತೆ ಇಳಿದ ಇಲಿ
ಮೊಟ್ಟೆ ತಿಂದಿತು, ಮರಿ ತಿಂದಿತು,
ಐದು ಬಗೆಯ ಹಕ್ಕಿಗಳ ದನಿಯನ್ನೇ ತಿಂದು ಮುಗಿಸಿತು.
ಬಂಡೆಸಂದಿಗೆ, ಮಂಚದಡಿಗೆ, ಅಟ್ಟದ ಮೂಲೆಗೆ
ವಿಷದ ಡಬ್ಬಿ ಇಡಬೇಕೋ ಬೇಡವೋ ಎಂದು
ಊರಿಗೂರೇ ಜಗಳವಾಡಿತು. ಮೂರು ಬೀದಿಯ ಊರು.
ಬೀಗರು ಬೀಗರ ಮನೆ ತುಳಿಯಲಿಲ್ಲ.
ಕೊನೆಗೆ ಇಟ್ಟರು.

ಈಗ ಹಾರಲು ಬಾರದ ಕಂದು ಕೋಳಿಯೊಂದು
ನನ್ನ ಅಡುಗೆಮನೆಗೆ ಬೆಳಿಗ್ಗೆ ಬೆಳಿಗ್ಗೆ ಬಂದು
ಚೀಲ ಕೆದಕುತ್ತದೆ, ಬಾಡಿಗೆ ವಸೂಲಿಗೆ ಬಂದವರ ಹಾಗೆ.
ಒಂದು ಕಾಲಕ್ಕೆ ಇಡೀ ಲೋಕದಲ್ಲಿ
ಒಂದು ಬಸ್ಸಿಗಾಗುವಷ್ಟು ಉಳಿದಿದ್ದವಂತೆ.
ಅದಕ್ಕೇನು ಗೊತ್ತು. ಬೆಲ್ಲ ಬೇಕಂತೆ.

ಕಡ್ಡಿಯನ್ನು ಗುಡ್ಡ ಮಾಡಬೇಡ ಅನ್ನುತ್ತಿದ್ದೆ ನನಗೆ, ಯಾವಾಗಲೂ.
ಕೇಳು ಹಾಗಾದರೆ.
ದಕ್ಷಿಣಕ್ಕೆ, ನೀರಿನ ನಡುವೆ, ಕೊಡಲಿ ಅಲಗಿನಂಥ ಕರೀ ಬಂಡೆ.
ಅದರ ಪಕ್ಕೆಗೆ ಅಂಟಿದ ಒಂದೇ ಒಂದು ಪೊದೆ.
ಪೊದೆಯ ಬುಡದಲ್ಲಿ, ನಡುರಾತ್ರಿ, ಟಾರ್ಚಿನ ಬೆಳಕಿಗೆ
ಮೀಸೆ ಅಲ್ಲಾಡಿಸಿತು ಕಡ್ಡಿಹುಳ.
ಅಳಿದುಹೋಯಿತೆಂದು ಪುಸ್ತಕದಲ್ಲಿ ಬರೆದು
ಮುಚ್ಚಿಟ್ಟಿದ್ದರು ಅದನ್ನು.
ಆ ಕಡ್ಡಿಗೆ ಆ ಗುಡ್ಡವೊಂದೇ ಉಳಿದ ಊರು.

ಇವೆಲ್ಲ ಪೀಠಿಕೆ. ನಿನ್ನನ್ನು ಕರೆಯುವುದು ಬೇರೆಯದಕ್ಕೆ.

ಬ್ಲ್ಯಾಕ್‌ಟೌನ್ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ
ರೈಲುಗಳ ಹೆಸರು ಕೂಗಿದವನು ನೀನು.
ಗಂಟಲು ಕೊಯ್ದ ಮೇಲೆ ಒಂದು ಸಲ,
ಕನ್ನಡಿಯ ಮುಂದೆ, ಒಂದೇ ಸಲ ಕೂಗಿ ನೋಡಿದೆಯಂತೆ.
'ಸೈಕಲ್ ಪಂಪು' ಎಂದು ಬರೆದು ಕಳಿಸಿದೆ. ಮತ್ತೇನೂ ಬರೆಯಲಿಲ್ಲ.

ಮೇ ತಿಂಗಳಲ್ಲಿ, ಗೋವರ್ ಬೆಟ್ಟದ ನೆತ್ತಿಯಲ್ಲಿ,
ಮಂಜು ಏರುವ ಹೊತ್ತಿಗೆ
ಪೆಟ್ರೆಲ್ ಹಕ್ಕಿಗಳು ಸುತ್ತುತ್ತಿರುತ್ತವೆ, ಬೂದಿ ಬಣ್ಣದವು.
ಕೂಗಬೇಕು. ಏನಾದರೂ.
ನಾಚಿಕೆಯಾಗಿ ನಾನು 'ಮೊಸರೋ ಮೊಸರು' ಎಂದೆ.
ಒಂದು ಹಕ್ಕಿ ಇಳಿಯಲಿಲ್ಲ, ಬಿತ್ತು,
ಎಲೆಗಳ ನಡುವೆ ದಡಬಡಿಸಿ
ಹಿಟ್ಟಿನ ಚೀಲದ ಹಾಗೆ ನನ್ನ ಕಾಲ ಬುಡಕ್ಕೆ.
ಎದ್ದು ಮುಖ ನೋಡಿತು: ಯಾರು ಕರೆದದ್ದು?
ದಾರಿ ತೋರಿಸಲು ಬಂದಿದ್ದ ಮುದುಕ ಕ್ಲೆಮ್,
ಉಬ್ಬಸದವನು, ಬರೀ ಕೆಮ್ಮಿದ.
ಅವನ ಕೆಮ್ಮಿಗೆ ಎರಡು ಬಂದವು.

ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡ.
ಇದೇ ಹಕ್ಕಿ ಇನ್ನೊಂದು ದ್ವೀಪದಲ್ಲಿ ಲಕ್ಷಗಟ್ಟಲೆ ಇತ್ತಂತೆ.
ಹಸಿದ ಕೈದಿಗಳು ಕರೆದರು. ಬಂತು.
ಕರೆದರು. ಬಂತು.
ದೇವರು ಕಳಿಸಿದ್ದು ಎಂದು ಹೆಸರಿಟ್ಟು ತಿಂದರು,
ಕೆಲವೇ ವರ್ಷಕ್ಕೆ ಆಕಾಶ ಚೊಕ್ಕಟ.
ಆದರೂ ಕರೆದರೆ ಬರುವುದನ್ನು ಅದು ಬಿಟ್ಟಿಲ್ಲ.
ಪೆದ್ದುತನವೋ ಇನ್ನೇನೋ,
ನಿದ್ದೆ ಬಾರದ ರಾತ್ರಿ ಯೋಚಿಸಿ, ಬಿಟ್ಟಿದ್ದೇನೆ.

ಮೇ ಎರಡನೇ ವಾರಕ್ಕೆ ಟಿಕೀಟು ಮಾಡಿಸು.
ಬೂಟಿನ ತಳ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜು,
ಗೀರುಗೀರಿನೊಳಗೂ.
ಬ್ಲ್ಯಾಕ್‌ಟೌನಿನ ಮಣ್ಣು ಸಾಸಿವೆಯಷ್ಟು ಇದ್ದರೂ
ಗೇಟು ದಾಟಿಸುವವಳಲ್ಲ ನಾನು,
ಅಣ್ಣನಾದರೇನು.